ಕಾಗೆಮುಶಾ: ಸತ್ತ ದೊರೆಗೆ ಕಾವಲು ಕೂತವರ ಸಿನಿಮಾ

ಮೊದಲೇ ಹೇಳಿಬಿಡುತ್ತೇನೆ, ಈ ಸಿನಿಮಾಗೂ ಕಾಗೆಗೂ ಸಂಬಂಧವಿಲ್ಲ. ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಹೆಸರು ಹೇಳಿದ ಕೂಡಲೇ ನಮ್ಮಮ್ಮ "ಕಾಗೆ ಕಥೆಯೇನೋ ಇದು?" ಎಂದು ಕೇಳಿದರು. ಜಪಾನಿಯಲ್ಲಿ ಕಾಗೆ ಎಂದರೆ ನೆರಳು, ಮುಶಾ ಎಂದರೆ ಯೋಧ. ದೊರೆಯ ಹಾಗೇ ಕಾಣುವ, ಅವನ ಬಟ್ಟೆ ತೊಟ್ಟು ಅವನ ಜಾಗದಲ್ಲಿ ಕೂತು ಶತ್ರುವಿನ ಕಣ್ಣಿಗೆ ಬೀಳುವ ಮನುಷ್ಯ. ನಮ್ಮ ಗಾಂಧಿನಗರದ ಮಾತಿನಲ್ಲಿ ಹೇಳಬೇಕೆಂದರೆ ಡೂಪ್. ಬೆಟ್ಟದಿಂದ ಬೀಳುವುದು ಡೂಪ್, ಪೋಸ್ಟರ್‌ನಲ್ಲಿ ಇರುವುದು ಹೀರೋ, ಅಲ್ವಾ? ಇಲ್ಲಿ ಇಡೀ ಸಿನಿಮಾವೇ ಆ ಡೂಪ್‌ನದು. ತಮಾಷೆ ಎಂದರೆ ಮೂರು ಗಂಟೆ ಅವನ ಮುಖ ನೋಡಿದರೂ ಅವನ ಹೆಸರು ಗೊತ್ತಾಗುವುದಿಲ್ಲ. ಅವನೊಬ್ಬ ಕಳ್ಳ, ಅಷ್ಟೇ.

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1980ರಲ್ಲಿ ಮಾಡಿದ ಸಿನಿಮಾ ಇದು. ಆಗ ಅವರಿಗೆ 70 ವರ್ಷ. ಅದಕ್ಕೆ ಮುಂಚೆ ಜಪಾನಿನಲ್ಲಿ ಅವರಿಗೆ ದುಡ್ಡು ಹಾಕುವವರೇ ಇರಲಿಲ್ಲ. ಶೂಟಿಂಗ್ ಆಗುತ್ತದೋ ಇಲ್ಲವೋ ಎಂದು ಒಂದೊಂದು ದೃಶ್ಯವನ್ನೂ ಬಣ್ಣದಲ್ಲಿ ಚಿತ್ರ ಬರೆದು ಇಟ್ಟುಕೊಂಡಿದ್ದರಂತೆ. ಕೊನೆಗೆ ಅವರ ಅಭಿಮಾನಿಗಳಾದ ಹಾಲಿವುಡ್ ನಿರ್ದೇಶಕರು ಜಾರ್ಜ್ ಲ್ಯೂಕಸ್ ಮತ್ತು ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾ ಸೇರಿ ಅಮೆರಿಕದ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ ಹಣ ಹೊಂದಿಸಿಕೊಟ್ಟರು. ಆ ವರ್ಷ ಕಾನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯನ್ನು ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡಿತು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಎಂದರೆ, ಆ ವರ್ಷಗಳ ಚಿತ್ರ ಬರೆಯುವ ಕೆಲಸ ತೆರೆಯ ಮೇಲೆ ಕಾಣುತ್ತದೆ. ಎಲ್ಲಿ ನಿಲ್ಲಿಸಿದರೂ ಗೋಡೆಗೆ ನೇತು ಹಾಕುವ ಹಾಗಿದೆ.

ಕಥೆ 1570ರ ದಶಕದ ಜಪಾನಿನದು. ದೇಶ ತುಂಬಾ ಪಾಳೆಯಗಾರರು, ಎಲ್ಲರಿಗೂ ಆಗಿನ ರಾಜಧಾನಿ ಕ್ಯೋಟೊ ಹಿಡಿಯುವ ಆಸೆ. ಕಾಯ್ ಪ್ರಾಂತ್ಯದ ತಾಕೆದಾ ಶಿಂಗೆನ್ ಒಂದು ಕಡೆ, ಅವನಿಗೆ ಎದುರಾಗಿ ಓಡಾ ನೊಬುನಾಗಾ ಮತ್ತು ತೊಕುಗಾವಾ ಇಯೆಯಾಸು. ಮೂವರೂ ಇತಿಹಾಸದಲ್ಲಿ ನಿಜವಾಗಿ ಇದ್ದವರು. ಶಿಂಗೆನ್‌ನ ಧ್ವಜದ ಮೇಲೆ ಗಾಳಿ, ಕಾಡು, ಬೆಂಕಿ, ಬೆಟ್ಟ ಎಂದು ಬರೆದಿರುತ್ತಿತ್ತು. ಗಾಳಿಯಂತೆ ನುಗ್ಗು, ಕಾಡಿನಂತೆ ಸದ್ದಿಲ್ಲದಿರು, ಬೆಂಕಿಯಂತೆ ಸುಡು, ಬೆಟ್ಟದಂತೆ ಅಲುಗಾಡದಿರು. ಇದು ಚೀನಾದ ಸುನ್ ತ್ಸು ಹೇಳಿದ ಯುದ್ಧದ ಪಾಠ. ಸಿನಿಮಾದಲ್ಲಿ ಗಾಳಿ, ಕಾಡು, ಬೆಂಕಿ ಎಂದರೆ ಮೂರು ಪಡೆ. ಬೆಟ್ಟ ಎಂದರೆ ದೊರೆಯೇ. ಅವನು ಹಿಂದೆ ಕೂತಿದ್ದಾನೆ ಎನ್ನುವ ಧೈರ್ಯದ ಮೇಲೆ ಉಳಿದವರು ಮುಂದೆ ಹೋಗಿ ಹೊಡೆದಾಡುತ್ತಾರೆ.

ಆ ಬೆಟ್ಟ ಸತ್ತುಹೋದರೆ ಏನು ಗತಿ?

ಇಲ್ಲಿ ನನಗೆ ತಕ್ಷಣ ನೆನಪಾಗಿದ್ದು ರಕ್ಕಸತಂಗಡಿ. ನಾವೆಲ್ಲ ಶಾಲೆಯಲ್ಲಿ ಓದಿದ್ದೇ. 1565ರ ಜನವರಿ, ಅಳಿಯ ರಾಮರಾಯ ರಣರಂಗದಲ್ಲಿ ಸಿಕ್ಕಿಬಿದ್ದ, ತಲೆ ಕಡಿದು ಈಟಿಗೆ ಸಿಕ್ಕಿಸಿ ತೋರಿಸಿದರು, ಅದನ್ನು ನೋಡಿದ ವಿಜಯನಗರದ ಸೈನ್ಯ ದಿಕ್ಕಾಪಾಲಾಗಿ ಓಡಿತು. ಶಿಂಗೆನ್ ಸತ್ತಿದ್ದು 1573ರಲ್ಲಿ, ಬರೀ ಎಂಟು ವರ್ಷದ ನಂತರ. ಅವನಿಗೆ ನಮ್ಮ ಕಥೆ ಗೊತ್ತಿರಲು ಸಾಧ್ಯವಿಲ್ಲ. ಆದರೆ ಲೆಕ್ಕಾಚಾರ ಅದೇ. ದೊರೆ ಇಲ್ಲ ಎಂದು ಗೊತ್ತಾದ ದಿನ ಸೈನ್ಯ ಇಲ್ಲ. ಅದಕ್ಕೇ ಸಾಯುವಾಗ ಸಿನಿಮಾದ ಶಿಂಗೆನ್ ಹೇಳುವುದು ಇಷ್ಟೇ: ಮೂರು ವರ್ಷ ನನ್ನ ಸಾವನ್ನು ಬಚ್ಚಿಡಿ, ನಮ್ಮ ನೆಲ ಕಾಯಿರಿ, ಗಡಿ ದಾಟಬೇಡಿ.

ಅವನು ಸಾಯುವ ರೀತಿಯೂ ಚೆನ್ನಾಗಿದೆ (ಸಾವು ಚೆನ್ನಾಗಿದೆ ಎನ್ನಬಾರದು, ಆದರೂ). ನೊದಾ ಕೋಟೆಗೆ ಮುತ್ತಿಗೆ ಹಾಕಿರುತ್ತಾರೆ, ನೀರು ನಿಲ್ಲಿಸಿರುತ್ತಾರೆ. ಒಳಗಿನಿಂದ ದಿನಾ ರಾತ್ರಿ ಯಾರೋ ಕೊಳಲು ನುಡಿಸುತ್ತಾರೆ, ಹೊರಗಿನ ಶತ್ರುಗಳೂ ಸುಮ್ನೆ ಕೂತು ಕೇಳುತ್ತಾರೆ. ಶಿಂಗೆನ್‌ಗೂ ಆ ಕೊಳಲು ಕೇಳುವ ಆಸೆ. ಕೋಟೆಯೊಳಗಿನ ಒಬ್ಬ ಸಾಮಾನ್ಯ ಸಿಪಾಯಿ ಹಗಲಲ್ಲೇ ದೊರೆಯ ಪೀಠ ಎಲ್ಲಿ ಹಾಕಿದ್ದಾರೆ ಎಂದು ನೋಡಿಕೊಂಡು, ತನ್ನ ಬಂದೂಕನ್ನು ಆ ಕಡೆಗೆ ಅಳತೆ ಮಾಡಿ ನಿಲ್ಲಿಸಿ ಇಟ್ಟಿರುತ್ತಾನೆ. ಕತ್ತಲಾದ ಮೇಲೆ ಗುರಿ ಕಾಣುವುದೇ ಬೇಡ, ಬಂದೂಕಿನ ಕುದುರೆ ಎಳೆದರೆ ಸಾಕು. ಗುಂಡು ಹಾರುವುದನ್ನು ಕುರೊಸಾವಾ ನಮಗೆ ತೋರಿಸುವುದಿಲ್ಲ. ಆಮೇಲೆ ಇಯೆಯಾಸು ಕಡೆಯವರು ಆ ಸಿಪಾಯಿಯನ್ನು ಎದುರಿಗೆ ಕೂರಿಸಿಕೊಂಡು ಹೇಗೆ ಮಾಡಿದೆ ತೋರಿಸು ಎನ್ನುತ್ತಾರೆ, ಅವನು ಕಸುಬುದಾರನ ಹಾಗೆ ವಿವರಿಸುತ್ತಾನೆ. ನಿಜವಾದ ಶಿಂಗೆನ್ ಗುಂಡೇಟಿನಿಂದಲೇ ಸತ್ತನೇ? ಹಾಗೊಂದು ಕಥೆ ಇದೆ. ಕಾಯಿಲೆಯಿಂದ ಸತ್ತ ಎನ್ನುವವರೇ ಜಾಸ್ತಿ.

ಈಗ ಕಳ್ಳನ ವಿಷಯಕ್ಕೆ ಬರೋಣ. ಸಿನಿಮಾ ಶುರುವಾಗುವುದೇ ಅವನಿಂದ. ಒಂದು ಕೋಣೆ, ಮೂವರು ಕೂತಿದ್ದಾರೆ, ಮೂವರ ಮುಖವೂ ಹೆಚ್ಚುಕಡಿಮೆ ಒಂದೇ. ನಡುವೆ ಶಿಂಗೆನ್. ಒಂದು ಪಕ್ಕ ತಮ್ಮ ನೊಬುಕಾದೊ, ಇಲ್ಲಿಯವರೆಗೆ ಅಣ್ಣನಿಗೆ ಡೂಪ್ ಆಗಿದ್ದವನು. ಇನ್ನೊಂದು ಪಕ್ಕ ಕೊಲ್ಲುವ ಜಾಗದಿಂದ ನೊಬುಕಾದೊ ಎತ್ತಿಕೊಂಡು ಬಂದ ಕಳ್ಳ. ಕ್ಯಾಮೆರಾ ಅಲ್ಲಾಡುವುದಿಲ್ಲ. ಒಂದೇ ಶಾಟ್, ಸುಮಾರು ಆರು ನಿಮಿಷ. ನಾನು ಮೊದಲ ಸಲ ನೋಡುವಾಗ ವಿಡಿಯೊ ಹ್ಯಾಂಗ್ ಆಗಿದೆ ಎಂದುಕೊಂಡೆ. ಕಳ್ಳನನ್ನು ಬೈದಾಗ ಅವನು ಸುಮ್ಮನಿರುವುದಿಲ್ಲ: ನಾನು ಕದ್ದಿದ್ದು ನಾಲ್ಕು ಕಾಸು, ನೀವು ಊರೂರನ್ನೇ ಕದ್ದವರು, ಸಾವಿರಾರು ಜನರನ್ನು ಕೊಂದವರು, ನನ್ನನ್ನು ಕೆಟ್ಟವನು ಎನ್ನುತ್ತೀರಾ? ಶಿಂಗೆನ್ ಕೋಪ ಮಾಡಿಕೊಳ್ಳುವುದಿಲ್ಲ. ಹೌದು, ನಾನು ಅಪ್ಪನನ್ನು ಊರು ಬಿಡಿಸಿದೆ, ಮಗನನ್ನು ಕೊಂದೆ ಎಂದು ಒಪ್ಪಿಕೊಳ್ಳುತ್ತಾನೆ. ಈ ದೃಶ್ಯದಲ್ಲಿ ಹಿಂದಿನ ಗೋಡೆ ನೋಡಿ. ನೆರಳು ಬಿದ್ದಿರುವುದು ಒಬ್ಬನದು ಮಾತ್ರ, ಶಿಂಗೆನ್‌ನದು. ಉಳಿದಿಬ್ಬರಿಗೆ ನೆರಳಿಲ್ಲ, ಅವರೇ ನೆರಳು. ನನಗೆ ಇದು ಹೊಳೆದಿದ್ದು ಎರಡನೇ ಸಲ ನೋಡುವಾಗ.

ಶಿಂಗೆನ್ ಸತ್ತ ಮೇಲೆ ಹೆಣವನ್ನು ದೊಡ್ಡ ಗುಡಾಣದಲ್ಲಿ ಇಟ್ಟಿರುತ್ತಾರೆ. ಕಳ್ಳನಿಗೆ ಅದು ಗೊತ್ತಿಲ್ಲ. ಒಳಗೆ ಚಿನ್ನ ಇರಬೇಕು, ಎತ್ತಿಕೊಂಡು ಓಡಿಬಿಡೋಣ ಎಂದು ರಾತ್ರಿ ಮುಚ್ಚಳ ಒಡೆದರೆ ಒಳಗೆ ತನ್ನದೇ ಮುಖ! ಅಮ್ಮ ಅಲ್ಲಿ ಕಿರುಚಿದರು. ಈ ಕಳ್ಳನನ್ನು ನಂಬಿ ರಾಜ್ಯ ನಡೆಸುವುದು ಹೇಗೆ ಎಂದು ಮಂತ್ರಿಗಳು ಅವನನ್ನು ಬಿಟ್ಟು ಕಳಿಸುತ್ತಾರೆ. ಗುಡಾಣವನ್ನು ದೋಣಿಯಲ್ಲಿ ಒಯ್ದು ಸುವಾ ಸರೋವರದಲ್ಲಿ ಮುಳುಗಿಸುತ್ತಾರೆ. ದಡದಲ್ಲಿ ಶತ್ರುಗಳ ಗೂಢಚಾರರು ಮೂವರು ನಿಂತು ನೋಡುತ್ತಿರುತ್ತಾರೆ, ಅವರ ಗುಸುಗುಸು ಕಳ್ಳನ ಕಿವಿಗೆ ಬೀಳುತ್ತದೆ. ಅವನು ಹಾಗೇ ತನ್ನ ದಾರಿ ಹಿಡಿದು ಹೋಗಬಹುದಿತ್ತು. ಹೋಗುವುದಿಲ್ಲ. ಓಡಿಬಂದು ಕಾಲಿಗೆ ಬೀಳುತ್ತಾನೆ, ನನ್ನನ್ನು ಬಳಸಿಕೊಳ್ಳಿ ಎನ್ನುತ್ತಾನೆ. ಗುಡಾಣದಲ್ಲಿದ್ದದ್ದು ಸರೋವರದ ದೇವರಿಗೆ ಅರ್ಪಿಸಿದ ಅಕ್ಕಿ ಮದ್ಯ ಎಂದು ಊರಿಗೆಲ್ಲ ಸಾರಿಸಿ ಮಂತ್ರಿಗಳು ತಪ್ಪಿಸಿಕೊಳ್ಳುತ್ತಾರೆ.

ಯಾಕೆ ವಾಪಸ್ ಬಂದ? ಸಿನಿಮಾ ಸ್ಪಷ್ಟವಾಗಿ ಹೇಳುವುದಿಲ್ಲ. ಪ್ರಾಣ ಉಳಿಸಿದ ಋಣ ಎನ್ನಿ, ಅಥವಾ ಆ ಆರು ನಿಮಿಷದಲ್ಲಿ ಎದುರಿಗೆ ಕೂತವನು ತನ್ನನ್ನು ಮನುಷ್ಯ ಎಂದು ಮಾತಾಡಿಸಿದ್ದಕ್ಕೆ ಎನ್ನಿ. ನನಗೆ ಎರಡನೆಯದೇ ಸರಿ ಎನಿಸುತ್ತದೆ. ಎಲ್ಲರೂ ಇದನ್ನು ಡೂಪ್‌ನ ಕಥೆ ಎನ್ನುತ್ತಾರೆ. ನನಗೆ ಇದು ಅಂಗರಕ್ಷಕರ ಕಥೆಯಾಗಿಯೇ ಕಂಡಿತು. ಯಾಕೆಂದರೆ ಅರಮನೆಯೊಳಗೆ ಈ ಗುಟ್ಟು ಗೊತ್ತಿರುವುದು ಬೆರಳೆಣಿಕೆಯ ಮಂದಿಗೆ. ಮುಖ್ಯವಾಗಿ ಹಗಲೂ ರಾತ್ರಿ ಪಕ್ಕದಲ್ಲೇ ಇರುವ ಕಾವಲಿನವರು ಮತ್ತು ಹುಡುಗ ವಯಸ್ಸಿನ ಸೇವಕರು. ಅವರ ಪರಿಸ್ಥಿತಿ ಯೋಚಿಸಿ. ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸಿದ ಒಡೆಯ ಸತ್ತಿದ್ದಾನೆ. ಅಳುವಂತಿಲ್ಲ. ಅವನ ಜಾಗದಲ್ಲಿ ಒಬ್ಬ ಕಳ್ಳ ಕೂತಿದ್ದಾನೆ, ಅವನಿಗೆ ಬಗ್ಗಿ ನಮಸ್ಕಾರ ಮಾಡಬೇಕು, ಅವನ ಊಟ, ಅವನ ನಿದ್ದೆ ಕಾಯಬೇಕು. ಬಾಗಿಲು ಮುಚ್ಚಿದ ಮೇಲೆ ಅವನ ಕೂರುವ ಭಂಗಿ ತಿದ್ದಬೇಕು. ನಮ್ಮ ಕಡೆ ಮಂತ್ರಿಗಳ ಹಿಂದೆ ನಿಲ್ಲುವ ಗನ್‌ಮ್ಯಾನ್‌ಗಳ ಮುಖ ನೋಡಿದ್ದೀರಲ್ಲ, ಯಾವ ಭಾವವೂ ಇರುವುದಿಲ್ಲ. ಇವರದೂ ಹಾಗೇ. ಆದರೆ ಒಂದು ರಾತ್ರಿ ಕಳ್ಳ ಸುಮ್ನೆ ತಮಾಷೆಗೆ ಶಿಂಗೆನ್‌ನ ಹಾಗೆ ಕೂತು ಅವನ ಧಾಟಿಯಲ್ಲೇ ನಡೆದುಕೊಂಡಾಗ ಆ ಮುಖಗಳು ಒಡೆಯುತ್ತವೆ. ಗೊತ್ತು, ಇವನು ಅವನಲ್ಲ. ಆದರೂ ಒಂದು ಗಳಿಗೆ ಒಡೆಯ ಬಂದು ಕೂತ ಹಾಗಾಗುತ್ತದೆ. ಯಕ್ಷಗಾನ ನೋಡುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮಧ್ಯಾಹ್ನ ಹೋಟೆಲಿನಲ್ಲಿ ಜೊತೆಗೆ ಚಹಾ ಕುಡಿದ ಮನುಷ್ಯನೇ ರಾತ್ರಿ ಕಿರೀಟ ಕಟ್ಟಿ ರಂಗಕ್ಕೆ ಬಂದರೆ ನಮಗೆ ಗೊತ್ತಿಲ್ಲದೆ ನೆಟ್ಟಗೆ ಕೂರುತ್ತೇವೆ.

ಮೊಮ್ಮಗ ತಾಕೆಮಾರು ಮಾತ್ರ ಮೊದಲ ನೋಟಕ್ಕೇ ಕೂಗಿಬಿಡುತ್ತಾನೆ, ಇವರು ನಮ್ಮ ತಾತ ಅಲ್ಲ ಎಂದು. ಎಲ್ಲರ ಎದೆ ಝಲ್ಲೆನ್ನುತ್ತದೆ. ಆಮೇಲೆ ಅವನೇ ಕಾರಣ ಹೇಳುತ್ತಾನೆ, ಈಗ ತಾತನನ್ನು ಕಂಡರೆ ಭಯವಾಗುವುದಿಲ್ಲ ಎಂದು. ಅಜ್ಜ ಮೊಮ್ಮಗನ ಈ ಸಂಬಂಧ ಇಡೀ ಸಿನಿಮಾದ ಬೆಚ್ಚಗಿನ ಭಾಗ. ಕಳ್ಳನಿಗೆ ಬಹುಶಃ ಜೀವನದಲ್ಲಿ ಮೊದಲ ಸಲ ಯಾರೋ ಓಡಿಬಂದು ತೊಡೆಯ ಮೇಲೆ ಕೂತಿದ್ದು.

ಅಂತಃಪುರದ ದೃಶ್ಯ ನಗೆ ತರಿಸುತ್ತದೆ. ರಾಣಿಯರು ಏನೋ ಬದಲಾಗಿದೆ ಎಂದು ಗುಮಾನಿಯಿಂದ ನೋಡುವಾಗ ಇವನು ನಿಜವನ್ನೇ ಹೇಳಿಬಿಡುತ್ತಾನೆ, ನಾನು ಶಿಂಗೆನ್ ಅಲ್ಲ, ಡೂಪ್ ಎಂದು. ಅವರು ಬಿದ್ದು ಬಿದ್ದು ನಗುತ್ತಾರೆ. ನಿಜ ಹೇಳಿಯೇ ಸುಳ್ಳು ಉಳಿಸಿಕೊಳ್ಳುವುದು ಎಂದರೆ ಇದು.

ತಮ್ಮ ನೊಬುಕಾದೊ ಒಂದು ಕಡೆ ಕಷ್ಟ ಹೇಳಿಕೊಳ್ಳುತ್ತಾನೆ. ವರ್ಷಗಟ್ಟಲೆ ಅಣ್ಣನ ನೆರಳಾಗಿ ಬದುಕಿದವನು. ಆಗಾಗ ನಾನು ನಾನಾಗಿರಬೇಕು ಎನಿಸುತ್ತಿತ್ತು, ಈಗ ನೋಡಿದರೆ ಅದೂ ಸ್ವಾರ್ಥ ಎನಿಸುತ್ತದೆ, ನೆರಳು ಮನುಷ್ಯನನ್ನು ಬಿಟ್ಟು ತಾನೇ ನಡೆಯಲಾರದು ಎನ್ನುವ ಅರ್ಥದಲ್ಲಿ. ಹಾಗಾದರೆ ಮನುಷ್ಯನೇ ಹೋದ ಮೇಲೆ ನೆರಳಿನ ಕಥೆ ಏನು? ಪಾತ್ರ ಚಿಕ್ಕದು, ತ್ಸುತೊಮು ಯಾಮಾಜಾಕಿ ಸದ್ದಿಲ್ಲದೆ ಮಾಡಿ ಮುಗಿಸಿದ್ದಾರೆ.

ನಾನು ಮೂರು ಸಲ ಹಿಂದೆ ಹಾಕಿ ನೋಡಿದ ದೃಶ್ಯ ಇನ್ನೊಂದಿದೆ. ತಾಕಾತೆಂಜಿನ್ ಕೋಟೆಯ ರಾತ್ರಿ ಕಾಳಗ. ಶಿಂಗೆನ್‌ನ ಮಗ ಕಾತ್ಸುಯೊರಿಗೆ ಅಪ್ಪನ ಮೇಲೆ ಹೊಟ್ಟೆಯುರಿ. ಪಟ್ಟ ಸಿಗಬೇಕಾದ್ದು ತನ್ನ ಮಗ ತಾಕೆಮಾರುಗೆ, ತಾನು ಬರೀ ಪೋಷಕ. ಬದುಕಿದ್ದಾಗ ಅಪ್ಪನ ನೆರಳು, ಸತ್ತ ಮೇಲೆ ಒಬ್ಬ ಕಳ್ಳನ ನೆರಳು. ಯಾರಿಗೂ ಹೇಳದೆ ಯುದ್ಧಕ್ಕೆ ಹೋಗುತ್ತಾನೆ, ಉಳಿದವರು ಬೇರೆ ದಾರಿಯಿಲ್ಲದೆ ಬೆಂಬಲಕ್ಕೆ ಬರಬೇಕಾಗುತ್ತದೆ. ಬೆಟ್ಟದ ಮೇಲೆ ಕಳ್ಳನನ್ನು ಪೀಠದಲ್ಲಿ ಕೂರಿಸುತ್ತಾರೆ. ಕತ್ತಲು. ಕೆಳಗೆ ಏನಾಗುತ್ತಿದೆ ಎಂದು ನಮಗೂ ಕಾಣುವುದಿಲ್ಲ, ಅವನಿಗೂ ಕಾಣುವುದಿಲ್ಲ. ಬರೀ ಕೂಗು, ಗೊರಸಿನ ಸದ್ದು, ಗುಂಡಿನ ಸದ್ದು. ಇವನು ಏಳಲು ಹೋಗುತ್ತಾನೆ, ಅಲುಗಾಡಬೇಡಿ ಎಂದು ಪಕ್ಕದವರು ತಡೆಯುತ್ತಾರೆ. ಬೆಟ್ಟ ಎದ್ದು ನಿಂತರೆ ಸೈನ್ಯ ಓಡುತ್ತದೆ. ಆಗ ಗುಂಡುಗಳು ಇವನ ಕಡೆಗೇ ಬರತೊಡಗುತ್ತವೆ, ಕಾವಲಿನವರು ಬಂದು ಮುಂದೆ ನಿಲ್ಲುತ್ತಾರೆ, ಮೈಯನ್ನೇ ಗುರಾಣಿ ಮಾಡಿಕೊಂಡು. ಒಬ್ಬ ಬಿದ್ದರೆ ಇನ್ನೊಬ್ಬ. ಅವರಿಗೆಲ್ಲ ಚೆನ್ನಾಗಿ ಗೊತ್ತು, ಹಿಂದೆ ಕೂತಿರುವುದು ಒಡೆಯನಲ್ಲ, ಕಾಸು ಕದ್ದು ಸಿಕ್ಕಿಬಿದ್ದವನು.

ಕಾಳಗ ಮುಗಿದ ಮೇಲೆ ಅವನು ಆ ಹೆಣಗಳನ್ನು ನೋಡುವ ನೋಟ ಇದೆಯಲ್ಲ, ಅದಕ್ಕೆ ಒಂದು ಮಾತೂ ಇಲ್ಲ. ಮೊನ್ನೆ ತನ್ನ ಜೊತೆ ನಗುತ್ತಿದ್ದ ಹುಡುಗರು. ತನಗಾಗಿ ಸತ್ತರೋ, ತನ್ನ ಮುಖಕ್ಕಾಗಿ ಸತ್ತರೋ? ನನ್ನ ಪ್ರಕಾರ ಅವನು ನಿಜವಾಗಿ ಶಿಂಗೆನ್ ಆಗುವುದು ಇಲ್ಲೇ. ಅಲ್ಲಿಯವರೆಗೆ ವೇಷ, ಇಲ್ಲಿಂದ ಮುಂದೆ ಸಾಲ.

ಶಿಂಗೆನ್, ಕಳ್ಳ ಎರಡೂ ಪಾತ್ರ ಮಾಡಿದವರು ತಾತ್ಸುಯಾ ನಕಾದಾಯ್. ಮೊದಲು ಆಯ್ಕೆಯಾಗಿದ್ದವರು ಶಿಂತಾರೊ ಕಾತ್ಸು ಎಂಬ ಇನ್ನೊಬ್ಬ ದೊಡ್ಡ ನಟ. ಶೂಟಿಂಗ್‌ಗೆ ತಮ್ಮದೇ ವಿಡಿಯೊ ಕ್ಯಾಮೆರಾ ತರುವ ವಿಷಯಕ್ಕೆ ಕುರೊಸಾವಾ ಜೊತೆ ಜಟಾಪಟಿಯಾಗಿ ಹೊರಗೆ ಹೋದರು. ಹೀರೋನೇ ಬದಲಾದ, ಡೂಪ್ ಬಂದ ಎಂದು ಬೇಕಾದರೆ ನಗಬಹುದು. ದ್ವಿಪಾತ್ರ ನಮಗೇನು ಹೊಸದಲ್ಲ, ಒಬ್ಬನಿಗೆ ಮೀಸೆ ಅಂಟಿಸಿ ಇನ್ನೊಬ್ಬನಿಗೆ ಪ್ಯಾಂಟು ಹಾಕಿಸಿದರೆ ಮುಗಿಯಿತು. ಇಲ್ಲಿ ಆ ಅನುಕೂಲವೂ ಇಲ್ಲ, ಇಬ್ಬರಿಗೂ ಅದೇ ಮೀಸೆ, ಅದೇ ಬಟ್ಟೆ. ಆದರೂ ಕಳ್ಳ ಕೂತಾಗ ಅವನ ಬೆನ್ನಿನಲ್ಲಿ ಏನೋ ಒಂದು ಅಂಜಿಕೆ ಇರುತ್ತದೆ. ಸಿನಿಮಾ ಮುಂದೆ ಹೋದ ಹಾಗೆ ಆ ಅಂಜಿಕೆ ಕರಗುತ್ತದೆ. ಯಾವಾಗ ಹೋಯಿತು ಎಂದು ನನಗೆ ಕಂಡುಹಿಡಿಯಲು ಆಗಲಿಲ್ಲ.

ಕೊರತೆ ಇಲ್ಲವೇ? ಇದೆ. ಹೆಸರುಗಳ ಗೊಂದಲ ಜಾಸ್ತಿ, ಮೊದಲ ಅರ್ಧ ಗಂಟೆ ಯಾರು ಯಾವ ಕಡೆಯವರು ಎಂದು ತಿಳಿಯುವುದೇ ಇಲ್ಲ. ಹೆಂಗಸರಿಗೆ ನಗುವುದು, ಅಳುವುದು ಬಿಟ್ಟರೆ ಕೆಲಸವಿಲ್ಲ. ನಡುವೆ ಮಂತ್ರಿಗಳ ಸಭೆಗಳು ಒಂದಾದ ಮೇಲೊಂದು ಬರುತ್ತವೆ, ನಮ್ಮ ಸೊಸೈಟಿ ಮೀಟಿಂಗ್ ನೆನಪಾಗುವಷ್ಟು. ಸಂಗೀತ ಕೆಲವು ಕಡೆ ಹಾಲಿವುಡ್ ಯುದ್ಧದ ಸಿನಿಮಾದ ಹಾಗೆ ಅಬ್ಬರಿಸುತ್ತದೆ, ಕೊಳಲಿನ ಆ ರಾತ್ರಿಯ ಮುಂದೆ ಅದು ಹೊಂದುವುದಿಲ್ಲ. ಕಳ್ಳನಿಗೆ ಬೀಳುವ ಕನಸಿನ ದೃಶ್ಯದ ಬಗ್ಗೆ ಎರಡು ಅಭಿಪ್ರಾಯ ಇರಬಹುದು. ಗುಡಾಣ ಒಡೆದು ಶಿಂಗೆನ್ ಎದ್ದು ಬರುತ್ತಾನೆ, ಹಿಂದೆ ಕೈಯಲ್ಲಿ ಬಳಿದ ಹಾಗಿರುವ ಕೆಂಪು ಹಳದಿ ಆಕಾಶ. ನನ್ನ ಗೆಳೆಯನಿಗೆ ಅದು ನಾಟಕದ ಪರದೆ ಹಾಗೆ ಕಂಡಿತಂತೆ. ನನಗೆ ಇಷ್ಟವಾಗಿದ್ದು ಅದಕ್ಕೇ.

ಮುಂದೆ ಕಥೆ ಹೇಳುತ್ತೇನೆ, ಬೇಡ ಎನ್ನುವವರು ಎರಡು ಪ್ಯಾರಾ ಬಿಟ್ಟು ಓದಿ. ಗುಟ್ಟು ರಟ್ಟಾಗುವುದು ಶತ್ರುವಿನಿಂದಲ್ಲ, ಕುದುರೆಯಿಂದ. ಶಿಂಗೆನ್ ಬಿಟ್ಟು ಬೇರೆ ಯಾರನ್ನೂ ಹತ್ತಿಸಿಕೊಳ್ಳದ ಕುದುರೆ. ಇಷ್ಟು ದಿನ ಎಲ್ಲರನ್ನೂ ನಂಬಿಸಿದ ಕಳ್ಳ, ಈಗ ತನ್ನನ್ನು ತಾನೇ ನಂಬಿಬಿಟ್ಟಿದ್ದಾನೆ. ಹತ್ತುತ್ತಾನೆ, ಕುದುರೆ ಎಸೆಯುತ್ತದೆ. ಓಡಿಬಂದ ರಾಣಿಯರು ನೋಡಿದರೆ ಮೈಮೇಲೆ ಹಳೆಯ ಯುದ್ಧದ ಗಾಯದ ಗುರುತಿಲ್ಲ. ಅಷ್ಟೇ, ಮುಗಿಯಿತು. ಮಳೆಯಲ್ಲಿ ಅವನನ್ನು ಹೊರಗೆ ಹಾಕುತ್ತಾರೆ. ಮಗುವನ್ನು ಒಂದು ಸಲ ನೋಡಬೇಕು ಎಂದರೂ ಬಿಡುವುದಿಲ್ಲ, ಕಲ್ಲು ಹೊಡೆದು ಓಡಿಸುತ್ತಾರೆ. ಇಷ್ಟು ದಿನ ರಾಜ್ಯ ಕಾದವನಿಗೆ ಕೊಟ್ಟ ಮರ್ಯಾದೆ ಅದು.

ಆಮೇಲೆ ಕಾತ್ಸುಯೊರಿ ಬೆಟ್ಟವನ್ನೇ ಎಬ್ಬಿಸಿಕೊಂಡು ಹೋಗುತ್ತಾನೆ. 1575, ನಾಗಾಶಿನೊ. ಎದುರಿಗೆ ನೊಬುನಾಗಾ ಮರದ ಬೇಲಿ ಕಟ್ಟಿ ಅದರ ಹಿಂದೆ ಬಂದೂಕಿನವರನ್ನು ಸಾಲು ನಿಲ್ಲಿಸಿದ್ದಾನೆ. 3000 ಬಂದೂಕು ಎಂದು ಹೇಳುವುದು ವಾಡಿಕೆ, ಅಷ್ಟಿರಲಿಲ್ಲ ಎನ್ನುವವರೂ ಇದ್ದಾರೆ. ಪೋರ್ಚುಗೀಸರು ಜಪಾನಿಗೆ ಬಂದೂಕು ತಂದಿದ್ದು 1543ರಲ್ಲಿ, ಮೂವತ್ತೇ ವರ್ಷದಲ್ಲಿ ಕುದುರೆ ಸವಾರರ ಕಾಲ ಮುಗಿಯಿತು. ಗಾಳಿ ಹೋಗುತ್ತದೆ, ಕಾಡು ಹೋಗುತ್ತದೆ, ಬೆಂಕಿ ಹೋಗುತ್ತದೆ. ಕುರೊಸಾವಾ ಇಲ್ಲಿ ಸಾಯುವವರನ್ನು ತೋರಿಸುವುದಿಲ್ಲ. ಗುಂಡಿನ ಸದ್ದು, ನೋಡುತ್ತಿರುವವರ ಮುಖ, ಮತ್ತೆ ಗುಂಡಿನ ಸದ್ದು. ಆಮೇಲೆ ಬಯಲು ತುಂಬಾ ಏಳಲು ಒದ್ದಾಡುವ ಕುದುರೆಗಳು. ಈ ಭಾಗ ಸ್ವಲ್ಪ ಉದ್ದವಾಯಿತು ಎಂದು ನನಗೂ ಅನಿಸಿತು, ಆದರೆ ಕಣ್ಣು ತೆಗೆಯಲೂ ಆಗಲಿಲ್ಲ. ಪೊದೆಯ ಮರೆಯಲ್ಲಿ ನಿಂತು ಇದನ್ನೆಲ್ಲ ನೋಡುತ್ತಿರುವವನು ನಮ್ಮ ಕಳ್ಳ. ಯಾರೂ ಕರೆದಿಲ್ಲ, ಸಂಬಳವಿಲ್ಲ, ವೇಷವೂ ಇಲ್ಲ. ಬಿದ್ದಿದ್ದ ಈಟಿ ಎತ್ತಿಕೊಂಡು ಒಬ್ಬನೇ ಆ ಬೇಲಿಯ ಕಡೆ ಓಡುತ್ತಾನೆ. ತಾಕೆದಾ ಮನೆತನದ ಕೊನೆಯ ಅಂಗರಕ್ಷಕ ಎಂದರೆ ಅವನೇ. ಗುಂಡು ತಿಂದು ನದಿಗೆ ಬಂದಾಗ ನೀರಿನಲ್ಲಿ ಆ ಧ್ವಜ ಬಿದ್ದಿರುತ್ತದೆ. ಕೈ ಚಾಚುತ್ತಾನೆ. ಸಿಗುವುದಿಲ್ಲ.

ಇತಿಹಾಸದಲ್ಲಿ ತಾಕೆದಾ ಮನೆತನ ಪೂರ್ತಿ ಮುಳುಗಿದ್ದು 1582ರಲ್ಲಿ, ನಾಗಾಶಿನೊ ಆಗಿ ಏಳು ವರ್ಷಕ್ಕೆ. ಸಿನಿಮಾ ಅಷ್ಟು ದೂರ ಕಾಯುವುದಿಲ್ಲ.

ನೋಡುವವರಿಗೆ ಎರಡು ಮಾತು. ಇದರಲ್ಲಿ ಎರಡು ಆವೃತ್ತಿ ಇವೆ. ಜಪಾನಿನಲ್ಲಿ ಬಿಡುಗಡೆಯಾಗಿದ್ದು ಸುಮಾರು 180 ನಿಮಿಷ, ಹೊರದೇಶಕ್ಕೆ ಕತ್ತರಿಸಿದ್ದು ಸುಮಾರು 160 ನಿಮಿಷ. ಉದ್ದದ್ದನ್ನೇ ಹುಡುಕಿ. ಫೋನಿನಲ್ಲಿ ನೋಡಲೇಬೇಡಿ, ಆ ಧ್ವಜಗಳ ಸಾಲು ಫೋನಿನಲ್ಲಿ ಇರುವೆ ಸಾಲಿನ ಹಾಗೆ ಕಾಣುತ್ತದೆ. ನಾನು ನೋಡಿದ್ದಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಮಾತ್ರ ಇತ್ತು, ಅಮ್ಮನಿಗೆ ಅರ್ಧ ನಾನು ಹೇಳುತ್ತಾ ಹೋದೆ. ಶಿಂಗೆನ್, ಅವನ ತಮ್ಮ, ಮಗ, ಮೊಮ್ಮಗ, ಎದುರಿಗೆ ಇಬ್ಬರು ಶತ್ರುಗಳು, ಈ ಆರು ಜನರನ್ನು ನೆನಪಿಟ್ಟುಕೊಂಡರೆ ಸಾಕು. ಊಟ ಮುಗಿಸಿಕೊಂಡು ಕೂರಿ, ಮಧ್ಯೆ ಬೇಕಾದರೆ ತಾಕಾತೆಂಜಿನ್ ಕಾಳಗ ಮುಗಿದ ಮೇಲೆ ಒಂದು ಕಾಫಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಆ ಅರ್ಧ ಕಳೆದಿದ್ದು ಸಭೆಗಳಿಗೆ.

ಅಮ್ಮನಿಗೆ ಯುದ್ಧ ಹಿಡಿಸಲಿಲ್ಲ. ಮಾರನೇ ದಿನ ಸಂಜೆ, ಆ ಮಗು ತಾತನ ಹತ್ತಿರ ಬರುವ ಭಾಗ ಮಾತ್ರ ಇನ್ನೊಂದು ಸಲ ಹಾಕು ಎಂದರು. ಹಾಕಿಕೊಟ್ಟೆ.